ಅಜ್ಜಂಪುರದ ಕಾವಲು ಪೆಟ್ಟಿಗೆ

ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಈಗ ಹೆಣ್ಣುಮಕ್ಕಳೂ ಬರುತ್ತಿದ್ದಾರೆ. ಹೋದ ತಿಂಗಳು ತರೀಕೆರೆ ಕಡೆಯ ಇಬ್ಬರು ಹುಡುಗಿಯರು, ಐಟಿಐ ಓದುತ್ತಿರುವವರು, ಮನೆ ಹುಡುಕಿಕೊಂಡು ಬಂದು, “ಅಜ್ಜಿ, ನಿಮ್ ಕಾಲ್ದಲ್ಲಿ ಹೆಂಗಿತ್ತು ಹೇಳಿ” ಎಂದು ಕೂತರು. ಹೇಳಿದ್ದು ಅರ್ಧ, ಮರೆತದ್ದು ಅರ್ಧ. ಮರೆತದ್ದೆಲ್ಲ ಅವರು ಬಸ್ಸು ಹತ್ತಿ ಹೋದ ಮೇಲೆ ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ದೊಡ್ಡಸ್ತಿಕೆ ಓದಬೇಕೆಂದು ಬಂದವರು ಇಲ್ಲಿಗೇ ಬಿಟ್ಟುಬಿಡಬಹುದು. ನಾನು ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದವಳು, ಅಷ್ಟೇ. ದೊಡ್ಡವರು ನಮ್ಮ ಮೇಸ್ತ್ರಿ ಷಡಕ್ಷರಪ್ಪನವರು.

ಎಪ್ಪತ್ತೈದನೆಯ ಇಸವಿಯ ಆಸುಪಾಸು. ನಮ್ಮಪ್ಪ ಅಜ್ಜಂಪುರದ ಸಂತೆಯಲ್ಲಿ ರಾಗಿ, ಜೋಳ ಅಳೆಯುವವರು. ಅಪ್ಪನ ಸೊಂಟ ಹಿಡಿದುಕೊಂಡ ಮೇಲೆ ಸೇರು ನನ್ನ ಕೈಗೆ ಬಂತು. ಸಂತೆಯ ಪಕ್ಕದಲ್ಲೇ ಷಡಕ್ಷರಪ್ಪನವರ ಮೋಟರು ರಿಪೇರಿ ಅಂಗಡಿ. ಎಷ್ಟು ಗದ್ದಲವಿದ್ದರೂ ನನ್ನ ಎಣಿಕೆ ತಪ್ಪದಿರುವುದನ್ನು ಅವರು ಎಷ್ಟು ದಿನದಿಂದ ನೋಡುತ್ತಿದ್ದರೋ, ಒಂದು ದಿನ ಅಪ್ಪನ ಹತ್ತಿರ ಬಂದು, “ನಿನ್ ಮಗಳನ್ನ ನನ್ ಅಂಗಡಿಗೆ ಕಳಿಸ್ತೀಯೇನಪ್ಪಾ? ಗಂಡುಸ್ರು ಹತ್ತು ಸುತ್ತು ಸುತ್ತೋ ಹೊತ್ಗೆ ಒಂದು ಬೀಡಿ, ಒಂದು ಮಾತು, ಲೆಕ್ಕ ಎಕ್ಕುಟ್ಟೋಗ್ತೈತೆ” ಎಂದರು. ಅಪ್ಪ ಒಪ್ಪಿದರು. ಊರು ಒಪ್ಪಲು ಎರಡು ವರ್ಷ ಬೇಕಾಯಿತು. ಎಣ್ಣೆ ಕೈಯ ಹೆಣ್ಣನ್ನು ಯಾರು ಮದುವೆಯಾಗುತ್ತಾರೆ ಎಂದು ನನ್ನ ಮದುವೆಯ ಚಿಂತೆಯನ್ನು ಊರೇ ಹೊತ್ತುಕೊಂಡಿತ್ತು. ಹೊತ್ತವರಲ್ಲಿ ಒಬ್ಬರೂ ಗಂಡು ತೋರಿಸಲಿಲ್ಲ ಅನ್ನುವುದು ಬೇರೆ ಮಾತು.

ಮೇಸ್ತ್ರಿ ಓದಿದ್ದು ಏಳನೆಯ ತರಗತಿ. ತರೀಕೆರೆಯ ಅಕ್ಕಿ ಗಿರಣಿಯೊಂದರಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸದಿಂದ ಶುರುಮಾಡಿ, ಭದ್ರಾವತಿ ಕಡೆ ಐದು ವರ್ಷ ಮೋಟರು ಸುತ್ತುವುದನ್ನು ಕಲಿತು, ಊರಿಗೆ ಬಂದು ಅಂಗಡಿ ಹಾಕಿದವರು. ಹಣೆ ತುಂಬ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡಿದ್ದರು. ಹೈಸ್ಕೂಲು ಮೇಷ್ಟರಿಂದ ದಿನಕ್ಕೆ ಅರ್ಧ ಪುಟದ ಅರ್ಥ ಕೇಳಿಕೊಂಡು ಬಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಗೋಡೆ ತುಂಬಿದಾಗ ಸುಣ್ಣ ಹೊಡೆಸುತ್ತಿದ್ದರು. ಸುಣ್ಣ ಹೊಡೆಸುವ ಹೊತ್ತಿಗೆ ಅದೆಲ್ಲ ಅವರಿಗೆ ಬಾಯಿಪಾಠ.

ರಿಪೇರಿ ಅವರಿಗೆ ಹೊಟ್ಟೆಪಾಡು, ಹೊಸದೊಂದನ್ನು ಮಾಡುವುದು ಹುಚ್ಚು. ತೋಟದ ಲೈನಿಗೆ ಕರೆಂಟು ಬಂದ ಕೂಡಲೇ ಮನೆಯಲ್ಲಿ ಬಾರಿಸುವ ಗಂಟೆಯೊಂದನ್ನು ಮಾಡಿ ಅಮೃತಾಪುರದ ಒಂದು ಮನೆಗೆ ಹಾಕಿಕೊಟ್ಟಿದ್ದರು. ಆ ಮನೆಯ ಅಜ್ಜಿಗೆ ಕಿವಿ ಮಂದ, ಭಕ್ತಿ ಜಾಸ್ತಿ. ಗಂಟೆ ಬಾರಿಸಿದಾಗಲೆಲ್ಲ ಎದ್ದು ನಿಂತು ಕೈಮುಗಿಯುತ್ತಿದ್ದರು. ದಿನಕ್ಕೆ ಎಂಟು ಸಲ ಕರೆಂಟು ಹೋಗಿ ಬಂದರೆ ಎಂಟು ಸಲ. ಕೊನೆಗೆ ಅವರ ಮಗನೇ ಬಂದು, “ಮೇಸ್ತ್ರಿ, ನಮ್ಮವ್ವನ ಮಂಡಿ ನೋಯ್ತಾ ಐತೆ, ಇದನ್ನ ಬಿಚ್ಕೊಡ್ತೀರಾ?” ಎಂದು ಕೇಳಿಕೊಂಡ.

ನನ್ನ ಮೊದಲ ದೊಡ್ಡ ಎಡವಟ್ಟು ಹಿರೇನಲ್ಲೂರಿನದು. ಪಂಪಿನ ಮೋಟರನ್ನು ಸುತ್ತಿ ಕೊಟ್ಟೆ. ಹೊರಗೆ ಬಿಡುವ ತಂತಿಗಳಿಗೆ ಗುರುತು ಕಟ್ಟುವಾಗ ಎರಡನ್ನು ಅದಲುಬದಲು ಮಾಡಿದ್ದೆ. ಮೋಟರು ತಿರುಗಿತು, ಆದರೆ ಹಿಂದುಮುಂದಾಗಿ. ನೀರು ಮಗುವಿನ ಉಚ್ಚೆಯ ಹಾಗೆ ಬಂತು. ಮನೆಯವರು ಬಾವಿ ಮುನಿದಿದೆಯೆಂದು ಮೂರು ದಿನ ಕಾಯಿ ಒಡೆಸಿದರು. ನಾಲ್ಕನೆಯ ದಿನ ಲೈನ್‌ಮನ್ ಎರಡು ತಂತಿ ಬದಲಿಸಿದ. ನೀರು ಚಿಮ್ಮಿತು, ಪುಣ್ಯ ಕಾಯಿಗೆ ಹೋಯಿತು. ನಾನು ಬಾಯಿ ಬಿಡಲಿಲ್ಲ. ಮಕ್ಕಳೇ, ಮೋಟರು ಕೊಡುವ ಮುಂಚೆ ತಿರುಗಿಸಿ ನೋಡಿ, ಯಾವ ಕಡೆ ತಿರುಗುತ್ತದೆ ಎಂಬುದನ್ನೂ ನೋಡಿ.

ಆಗ ನಮ್ಮ ಅಂಗಡಿಗೆ ಬರುತ್ತಿದ್ದ ಹತ್ತು ಮೋಟರುಗಳಲ್ಲಿ ಏಳೆಂಟು ಒಂದೇ ಕಾಯಿಲೆಯವು. ಪಂಪಿನ ಮೋಟರಿಗೆ ಮೂರು ತಂತಿಯಲ್ಲಿ ಕರೆಂಟು ಬರಬೇಕು. ಎಲ್ಲೋ ತೆಂಗಿನ ಗರಿ ಬಿದ್ದು, ಇಲ್ಲವೇ ಕಂಬದ ಫ್ಯೂಸು ಹೋಗಿ ಒಂದು ತಂತಿ ಸತ್ತರೆ ಮೋಟರು ನಿಲ್ಲುವುದಿಲ್ಲ. ಉಳಿದ ಎರಡರ ಮೇಲೆಯೇ ನರಳಿಕೊಂಡು ತಿರುಗುತ್ತದೆ, ಕಾಯುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಸುಟ್ಟ ವಾರ್ನಿಷಿನ ಆ ಕಮಟು ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಬಿಸಿಲು ಕಾಲದಲ್ಲಿ ಹೊಸ ಸಸಿ ಇಟ್ಟವರ ಮೋಟರು ಸುಟ್ಟರೆ, ನಾವು ಸುತ್ತಿ ಕೊಡುವ ಎಂಟು ದಿನದಲ್ಲಿ ಸಸಿ ಬಾಡಿರುತ್ತಿತ್ತು. ಸುಟ್ಟಷ್ಟೂ ನಮಗೆ ಕೆಲಸ ಎಂದು ನಾಗರಾಜ ಒಮ್ಮೆ ತಮಾಷೆ ಮಾಡಿದ. ನಾಗರಾಜ ನನಗಿಂತ ಹಳಬ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೇಸ್ತ್ರಿ ನಗಲಿಲ್ಲ. “ಲೇ, ವೈದ್ಯ ಆದೋನು ಊರಿಗೆ ಜ್ವರ ಬರ್ಲಿ ಅಂತ ಹರಕೆ ಹೊತ್ಕತಾನೇನೋ?” ಎಂದರು.

ಒಂದು ತಂತಿ ಸತ್ತ ಕೂಡಲೇ ಮೋಟರನ್ನು ತಾನಾಗಿ ನಿಲ್ಲಿಸುವ ಪೆಟ್ಟಿಗೆ ಮಾಡಬೇಕೆಂಬುದು ಅವರ ಏಳು ವರ್ಷದ ಹಟ. ಅಂಥದ್ದು ದೊಡ್ಡ ಕಾರ್ಖಾನೆಗಳಲ್ಲಿ ಇತ್ತಂತೆ. ನಮ್ಮ ತೋಟಗಳ ತನಕ ಬಂದಿರಲಿಲ್ಲ. ಮೊದಲು ಮಾಡಿದ ಪೆಟ್ಟಿಗೆ ತಂತಿಯಲ್ಲಿ ವೋಲ್ಟೇಜು ಇದೆಯೇ ಎಂದು ನೋಡುತ್ತಿತ್ತು. ನಿಂತ ಮೋಟರಿಗೆ ಹಾಕಿ ಒಂದು ಫ್ಯೂಸು ಕಿತ್ತರೆ ಸರಿಯಾಗಿ ತಡೆಯುತ್ತಿತ್ತು. ತಿರುಗುತ್ತಿರುವ ಮೋಟರಿಗೆ ಹಾಕಿದರೆ ಮಾತ್ರ ಕಣ್ಣುಮುಚ್ಚಿ ಕೂರುತ್ತಿತ್ತು. ತಿಂಗಳಾನುಗಟ್ಟಲೆ ತಲೆ ಕೆರೆದುಕೊಂಡ ಮೇಲೆ ಕಾರಣ ತಿಳಿಯಿತು. ತಿರುಗುವ ಮೋಟರು ಆ ಸತ್ತ ತಂತಿಗೆ ತಾನೇ ಒಂದಿಷ್ಟು ವೋಲ್ಟೇಜು ಹುಟ್ಟಿಸುತ್ತದೆ. “ಮೋಟ್ರೇ ಸುಳ್ಳು ಹೇಳ್ತೈತೆ ಕಣಮ್ಮ. ಸಾಯ್ತಿರೋನು ಚೆನ್ನಾಗಿದೀನಿ ಅಂದಂಗೆ” ಎಂದರು ಮೇಸ್ತ್ರಿ. ಬೇಸರಪಡಲಿಲ್ಲ. ಆ ಸುಳ್ಳನ್ನು ಹಿಡಿದ ಸಂತೋಷಕ್ಕೆ ನಮಗೆಲ್ಲ ಮಂಡಕ್ಕಿ ತರಿಸಿದರು.

ಆಮೇಲೆ ವೋಲ್ಟೇಜನ್ನು ಬಿಟ್ಟು ಹರಿಯುವ ಕರೆಂಟನ್ನೇ ಹಿಡಿದರು. ಮೂರು ತಂತಿಗೂ ಒಂದೊಂದು ದಪ್ಪ ತಾಮ್ರದ ಸುರುಳಿ. ಸುರುಳಿಯಲ್ಲಿ ಕರೆಂಟು ಹರಿಯುವ ತನಕ ಅದು ಒಂದು ಕಬ್ಬಿಣದ ನಾಲಿಗೆಯನ್ನು ಎಳೆದು ಹಿಡಿದುಕೊಂಡಿರುತ್ತದೆ. ಯಾವ ತಂತಿ ಸತ್ತರೂ ಅದರ ನಾಲಿಗೆ ಬೀಳುತ್ತದೆ, ನಾಲಿಗೆ ಬಿದ್ದರೆ ಮೋಟರು ನಿಲ್ಲುತ್ತದೆ. ಸುರುಳಿಗೆ ಹದಿನೈದು ಸುತ್ತು ಹಾಕಿ ನೋಡಿದರು. ನಾಲಿಗೆ ಅಂಟಿಕೊಂಡು ಬೀಳಲೇ ಇಲ್ಲ. ಹತ್ತು ಹಾಕಿದರೆ ಹಿಡಿಯಲಿಲ್ಲ. ಹನ್ನೆರಡು ಎಂದು ತೀರ್ಮಾನವಾಯಿತು. ಐದು ಪೆಟ್ಟಿಗೆಗಳಾದವು. ಮೂರರ ಸುರುಳಿಗಳನ್ನು ಸುತ್ತಿದ್ದು ನಾಗರಾಜ, ಎರಡರದನ್ನು ನಾನು. ಕಡೂರಿನ ಕರೆಂಟು ಆಫೀಸಿನ ಎಂಜಿನಿಯರ್ ಸಾಹೇಬರಿಗೆ ಒಪ್ಪಿಗೆ ಕೇಳಿ ಮೇಸ್ತ್ರಿ ಕಾಗದ ಬರೆದರು. ಸಾಹೇಬರು ಕಟ್ಟುನಿಟ್ಟಿನ ಮನುಷ್ಯ. ಒಂದು ದಿನ ಗೊತ್ತುಮಾಡಿ, “ಬಂದು ನೋಡುತ್ತೇನೆ. ಸರಿಯಿದ್ದರೆ ಲೈನ್‌ಮನ್‌ಗಳು ಇದನ್ನು ಮುಟ್ಟುವುದಿಲ್ಲ. ಸರಿಯಿಲ್ಲದಿದ್ದರೆ ಒಂದನ್ನೂ ನನ್ನ ಲೈನಿನಲ್ಲಿ ಇರಗೊಡುವುದಿಲ್ಲ” ಎಂದರು. ಏಳು ವರ್ಷದ ಕೆಲಸ ಆ ಒಂದು ದಿನದ ಮೇಲೆ ನಿಂತಿತು.

ಐದು ಪೆಟ್ಟಿಗೆಗಳನ್ನು ಐದು ತೋಟಕ್ಕೆ ಕೊಟ್ಟೆವು. ಹದಿನೈದು ದಿನದಲ್ಲಿ ಸಿಂಗಟಗೆರೆಯ ಕಲ್ಲಮ್ಮ ಬಂದಳು. ಗಂಡ ಹಳ್ಳಿ ಶಾಲೆಯ ಮೇಷ್ಟರು, ತೆಂಗಿನ ತೋಟ ನೋಡಿಕೊಳ್ಳುವುದು ಇವಳೇ. ಪೆಟ್ಟಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ತಂದು ಮೇಜಿನ ಮೇಲೆ ಕುಕ್ಕಿದಳು. “ಕರೆಂಟು ಇಲ್ದೆ ಮೋಟ್ರು ನಿಲ್ಲೋದು ಗೊತ್ತು ಕಣ್ರೀ. ಕರೆಂಟಿದ್ರೂ ನಿಲ್ಲಿಸೋದು ನಿಮ್ ಪೆಟ್ಗೆ ಒಂದೇಯ! ಬಾವೀಲಿ ನೀರು ಇಳಿದ್ರೆ ನಿಲ್ತೈತೆ, ಪೈಪಿನ ಗೇಟು ತಿರುವಿದ್ರೆ ನಿಲ್ತೈತೆ. ನಾನೇನು ಸಸಿಗೆ ನೀರು ಹಾಯಿಸ್ಲಾ, ಇದರ ಕಾವಲು ಕಾಯ್ಲಾ?”

ಮೋಟರು ಹಗುರವಾಗಿ ಓಡುವಾಗ ಕರೆಂಟು ಕಡಿಮೆ ಹರಿಯುತ್ತದೆ, ಎಳೆತ ಸಾಲದೆ ನಾಲಿಗೆ ಬೀಳುತ್ತದೆ. ಅಷ್ಟು ನಮಗೆ ತಿಳಿಯಿತು. ವಾರದಲ್ಲಿ ಇನ್ನೆರಡು ಪೆಟ್ಟಿಗೆಗಳು ಅದೇ ದೂರು ಹೊತ್ತು ವಾಪಸ್ಸು ಬಂದವು. ಮೂರೂ ನಾಗರಾಜ ಸುತ್ತಿದವು. ನನ್ನ ಎರಡು ಮಾತ್ರ ತೋಟದಲ್ಲಿ ಕಲ್ಲು ಕೂತಂತೆ ಕೂತಿದ್ದವು. ಮೇಸ್ತ್ರಿ ಲೆಕ್ಕ ಹಾಕಿದ್ದು ಹೀಗೆ: ಐದಕ್ಕೂ ಹನ್ನೆರಡೇ ಸುತ್ತು, ಎರಡು ಸರಿಯಾಗಿವೆ, ಹಾಗಾದರೆ ಸುತ್ತಿನಲ್ಲಿ ತಪ್ಪಿಲ್ಲ. ತಪ್ಪು ಸ್ಪ್ರಿಂಗಿನಲ್ಲಿರಬೇಕು, ಕಬ್ಬಿಣದಲ್ಲಿರಬೇಕು, ನಾಗರಾಜನ ಕೈಯಲ್ಲಿರಬೇಕು. ಎರಡು ತಿಂಗಳು ಸ್ಪ್ರಿಂಗು ಬದಲಿಸಿದರು, ಕಬ್ಬಿಣ ಬದಲಿಸಿದರು, ನಾಗರಾಜನನ್ನು ಬೈದರು. “ಪಾರ್ವತಿ ಸುತ್ತಿದ್ದು ನೋಡೋ, ಹೆಂಗೈತೆ” ಎಂದು ದಿನಾ ಹಂಗಿಸಿದರು. ನಾಗರಾಜನ ತಮಾಷೆ ನಿಂತುಹೋಯಿತು. ನನಗೆ, ನಾಚಿಕೆಯಿಂದ ಹೇಳುತ್ತೇನೆ, ಒಳಗೊಳಗೇ ಖುಷಿಯಾಗುತ್ತಿತ್ತು.

ಸಾಹೇಬರು ಬರುವ ದಿನ ಹತ್ತಿರವಾಯಿತು. ಒಂದು ಬೆಳಗ್ಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, “ಕಡೂರಿಗೆ ಹೋಗ್ಬತ್ತೀನಿ. ಪೆಟ್ಗೆ ಬ್ಯಾಡ, ನೋಡಕ್ಕೆ ಬರ್ಬೇಡಿ ಅಂತ ಸಾಹೇಬ್ರಿಗೆ ಕಾಗದ ಕೊಟ್ಬಿಡ್ತೀನಿ. ಕಾರಣ ಗೊತ್ತಿಲ್ದೆ ನಡಿಯೋದು ಕಾರಣ ಗೊತ್ತಿಲ್ದೆ ಕೈ ಕೊಡ್ತೈತೆ. ಇನ್ನೊಬ್ರ ಮೋಟ್ರ ಮೇಲೆ ನಾನು ಜೂಜಾಡಲ್ಲ. ಐದನ್ನೂ ಬಿಚ್ಚಿ ತಾಮ್ರ ತೆಗ್ದಿಡಿ” ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ಹೊರಟರು. ನನ್ನ ಎರಡು ಪೆಟ್ಟಿಗೆಗಳನ್ನೂ ಹಿಂದಿನ ದಿನವೇ ತರಿಸಿದ್ದರು.

ನಾಗರಾಜ ಹೊರಗೆ ಹೋಗಿದ್ದ. ನಾನೊಬ್ಬಳೇ ಕೂತು ಬಿಚ್ಚತೊಡಗಿದೆ. ಅವನ ಸುರುಳಿ ಬಿಚ್ಚಿದೆ, ಹನ್ನೆರಡು. ಇನ್ನೊಂದು, ಹನ್ನೆರಡು. ನನ್ನದನ್ನು ಬಿಚ್ಚಿದೆ, ಹದಿಮೂರು. ಎಲ್ಲೋ ಕೈ ತಪ್ಪಿರಬೇಕು ಎಂದುಕೊಂಡು ಇನ್ನೊಂದನ್ನು ತೆಗೆದೆ. ಹದಿಮೂರು. ಮೂರನೆಯದೂ ಹದಿಮೂರು. ಒಂದು ಸಲವಾದರೆ ಕೈತಪ್ಪು, ಮೂರು ಸಲ ಒಂದೇ ತಪ್ಪಾಗುವುದು ಹೇಗೆ? ಖಾಲಿ ಅಚ್ಚು ತೆಗೆದುಕೊಂಡು ಸುಮ್ಮನೆ ಒಂದು ಸುರುಳಿ ಸುತ್ತಿದೆ, ನನ್ನ ತುಟಿಗೆ ನಾನೇ ಕಿವಿಗೊಟ್ಟು. ಮೊದಲ ಸುತ್ತಿಗೆ ತುಟಿ ಅಂದದ್ದು “ಲಾಭ”. ಆಮೇಲೆ “ಒಂದು, ಎರಡು”.

ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಬಹಳ ಮಂದಿಗೆ ಲಾಭವೇ ಒಂದು, ಅದಾದ ಮೇಲೆ ಎರಡು. ನಮ್ಮಪ್ಪನ ರೂಢಿ ಬೇರೆ. ಲಾಭವೆಂದು ಹಾಕಿದ ಮೊದಲ ಸೇರು ಕೊಳ್ಳುವವರ ಮನೆದೇವರಿಗೆ, ಎಣಿಕೆಗೆ ಇಲ್ಲ. ಎಣಿಕೆ ಶುರುವಾಗುವುದು ಎರಡನೆಯ ಸೇರಿನಿಂದ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಹಾಗೆ ಎಣಿಸಿದ ಬಾಯಿ ತಾಮ್ರಕ್ಕೂ ದೇವರ ಪಾಲು ಸೇರಿಸಿಬಿಟ್ಟಿತ್ತು. ಮೋಟರಿನ ಸುರುಳಿಗೆ ಐವತ್ತು ಅರವತ್ತು ಸುತ್ತು, ಒಂದು ಮೋಟರನ್ನು ಒಬ್ಬರೇ ಸುತ್ತುವುದು ಅಂಗಡಿಯ ಪದ್ಧತಿ. ಎಲ್ಲ ಸುರುಳಿಗೂ ಒಂದೊಂದು ಹೆಚ್ಚಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೆರಡರಲ್ಲಿ ಆ ಒಂದು ಅಡಗಿ ಕೂರಲಿಲ್ಲ, ಸಾಲದಿದ್ದ ಎಳೆತವನ್ನು ಅದೇ ತುಂಬಿಕೊಟ್ಟಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ತಾಮ್ರ ಬಿಚ್ಚಿಡು ಎಂದು ಅವರೇ ಹೇಳಿದ್ದಾರೆ, ಬಿಚ್ಚಿದ ತಂತಿಗೆ ಸಾಕ್ಷಿಯಿಲ್ಲ. ಆದರೆ ಪೆಟ್ಟಿಗೆ ಅಲ್ಲಿಗೇ ಸತ್ತಂತೆ. ಹೇಳಿದರೆ ಪೆಟ್ಟಿಗೆ ಉಳಿಯುತ್ತದೆ, ನಾನು ಉಳಿಯುವುದಿಲ್ಲ. ಎಣಿಕೆ ತಪ್ಪದವಳು ಎಂದು ಕರೆತಂದವರ ಮುಂದೆ ನಿಂತು, ಮೂರು ವರ್ಷದಿಂದ ಒಂದೂ ಸರಿ ಎಣಿಸಿಲ್ಲ ಎನ್ನಬೇಕು. ನುಂಗಲೂ ಆಗದು, ಉಗುಳಲೂ ಆಗದು. ಅಷ್ಟರಲ್ಲಿ ಬಾಗಿಲಲ್ಲಿ ನಾಗರಾಜ ಕಾಣಿಸಿದ. ಎರಡು ತಿಂಗಳಲ್ಲಿ ಅವನ ಮುಖ ಎಷ್ಟು ಸಣ್ಣಗಾಗಿತ್ತು ಎಂದು ನಾನು ಸರಿಯಾಗಿ ನೋಡಿದ್ದು ಅವತ್ತೇ. ಬಿಚ್ಚದೆ ಉಳಿದಿದ್ದ ನನ್ನ ಮೂರು ಸುರುಳಿಗಳನ್ನು ಸೆರಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.

ಬಸ್ಸು ಹೊರಡುವುದರಲ್ಲಿತ್ತು. ಮೇಸ್ತ್ರಿ ಕಿಟಕಿಯ ಪಕ್ಕ ಕೂತಿದ್ದರು.

“ಮೇಸ್ತ್ರಿ, ಇಳೀರಿ.”

“ಏನಮ್ಮಾ, ಅಂಗ್ಡಿಗೆ ಬೆಂಕಿ ಬಿತ್ತಾ?”

“ನನ್ ಸುರುಳಿ ಹನ್ನೆರಡಲ್ಲ ಮೇಸ್ತ್ರಿ, ಹದಿಮೂರು. ನಾಗರಾಜಂದೇ ಹನ್ನೆರಡು. ಅವನ್ದೇ ಸರಿ.”

ಅವರು ಇಳಿದರು. ಕಂಡಕ್ಟರು ರೈಟ್ ಅಂದ, ಬಸ್ಸು ಹೋಯಿತು. ಲಾಭದ ಕಥೆಯನ್ನೆಲ್ಲ ಅಲ್ಲೇ, ನಾಲ್ಕು ಜನ ಕೇಳುವಂತೆ, ಏದುಸಿರು ಬಿಡುತ್ತ ಹೇಳಿದೆ. ಮೇಸ್ತ್ರಿಯ ಮುಖ ಕೆಂಪಾಯಿತು.

“ಸುತ್ತಿದ್ ಮೋಟ್ರೆಲ್ಲಾನೂ ಹಂಗೇಯಾ?”

“ಹಂಗೇ ಇರ್ಬೇಕು.”

“ಎರಡು ತಿಂಗ್ಳಿಂದ ಆ ನಾಗರಾಜನ್ನ ನಾಯಿಗ್ ಬೈದಂಗೆ ಬೈತಾ ಇದೀನಲ್ಲೇ! ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆ!”

ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಬಿರಬಿರನೆ ಅಂಗಡಿಗೆ ನಡೆದರು, ನಾನು ಹಿಂದೆ. ಒಳಗೆ ಹೋದವರೇ ನಾಗರಾಜನ ಮುಂದೆ ನಿಂತು, “ನಿಂದು ಸರಿ ಇತ್ತಪ್ಪಾ. ನಂದು ತಪ್ಪಾಯ್ತು” ಎಂದರು. ನಾಗರಾಜ ನನ್ನ ಸುರುಳಿಗಳನ್ನು ಎಣಿಸಿ ನೋಡಿ, “ಸರಿ ಇದ್ದಿದ್ದಕ್ಕೇ ಕೆಡ್ತು ಅನ್ನಿ ಹಂಗಾರೆ” ಎಂದ. ಎರಡು ತಿಂಗಳ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ.

“ನಾನು ನಾಳೆಯಿಂದ ಬರ್ಲಾ, ಬ್ಯಾಡ್ವಾ?” ಎಂದು ಕೇಳಿದೆ.

“ಬರ್ದೆ? ಹದಿನೈದು ಸುರುಳಿ ಯಾರು ಸುತ್ತೋರು, ನಿಮ್ಮಪ್ಪನಾ? ಈ ಸಲ ದೇವ್ರ ಪಾಲು ಗೀವ್ರ ಪಾಲು ಬ್ಯಾಡ. ಹದಿಮೂರು ಅಂತ್ಲೇ ಎಣ್ಸಿ ಹದಿಮೂರು ಸುತ್ತು.”

ಮಾರನೆಯ ದಿನ ಅವರು ಸೈಕಲ್ಲಿನ ಮೈಲಿ ಎಣಿಸುವ ಮೀಟರೊಂದನ್ನು ತಂದು ಬಿಚ್ಚಿ, ಸುತ್ತುವ ಯಂತ್ರಕ್ಕೆ ಜೋಡಿಸಿದರು. ಆಮೇಲೆ ನಮ್ಮಂಗಡಿಯಲ್ಲಿ ಯಾರೂ ಬಾಯಲ್ಲಿ ಎಣಿಸಲಿಲ್ಲ. ಅದೂ ಅವರ ಕೈಕೆಲಸವೇ, ಆ ಪೆಟ್ಟಿಗೆಗಿಂತ ಹೆಚ್ಚು ದಿನ ಬಾಳಿತು. ಪೆಟ್ಟಿಗೆಗಳು ಎಂಬತ್ತರ ದಶಕ ಮುಗಿಯುವವರೆಗೆ ಅಜ್ಜಂಪುರ, ತರೀಕೆರೆ, ಕಡೂರು ಮೂರೂ ಕಡೆಯ ತೋಟಗಳಲ್ಲಿ ಇದ್ದವು. ರೈತರು ಅದನ್ನು ಕಾವಲು ಪೆಟ್ಟಿಗೆ ಎಂದೇ ಕರೆಯುತ್ತಿದ್ದರು. ಆಮೇಲೆ ಕಂಪನಿಗಳ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಬಂದವು. ಮೇಸ್ತ್ರಿ ಅದರಲ್ಲೊಂದನ್ನು ಕೊಂಡು ತಂದು ಬಿಚ್ಚಿ ನೋಡಿ, “ನಮ್ದಕ್ಕಿಂತ ಚೆನ್ನಾಗೈತೆ” ಎಂದರು. ಹೊಟ್ಟೆಕಿಚ್ಚಿಲ್ಲದ ಆ ಮಾತನ್ನು ನೀವೂ ಕಲಿಯಿರಿ.

ಇನ್ನು ಸಾಹೇಬರು ಬಂದ ದಿನದ ಮಾತು. ಯಾರ ಮೋಟರಿನ ಮೇಲೆ ಪರೀಕ್ಷೆ ಮಾಡುವುದು? ಬೇಕೆಂದೇ ಒಂದು ತಂತಿ ಕೀಳಲು ಯಾರು ತಮ್ಮ ಮೋಟರು ಕೊಡುತ್ತಾರೆ? ನಾಲ್ಕು ಮನೆ ಕೇಳಿದೆವು, ನಾಲ್ವರೂ ಜಾರಿಕೊಂಡರು. ಕೊನೆಗೆ ಒಪ್ಪಿದ್ದು ಬೈದುಹೋಗಿದ್ದ ಕಲ್ಲಮ್ಮನೇ. ನಡೆದದ್ದೆಲ್ಲವನ್ನೂ ನಾನೇ ಹೋಗಿ ಹೇಳಿದೆ. ಕೇಳಿ, “ತಪ್ಪು ಮುಚ್ಚಿಟ್ಟೋರ್ ಪೆಟ್ಗೆ ಆಗಿದ್ರೆ ಕೊಡ್ತಿರ್ಲಿಲ್ಲ ಕಣೇ. ಆಗ್ಲಿ. ಸುಟ್ರೆ ಮಾತ್ರ ನೀನೇ ಕೂತು ಸುತ್ಕೊಡ್ಬೇಕು” ಎಂದಳು.

ಸಿಂಗಟಗೆರೆಯ ಅವಳ ತೋಟಕ್ಕೆ ಸಾಹೇಬರ ಜೀಪು ಬಂತು. ಲೈನ್‌ಮನ್ ಕಂಬದ ಹತ್ತಿರ ನಿಂತ. ಮೋಟರು ಹೊರಟಿತು. ಸಾಹೇಬರು ಮೊದಲು ಗೇಟನ್ನು ಮುಕ್ಕಾಲು ಮುಚ್ಚಿಸಿದರು. ಮೋಟರಿನ ದನಿ ಹಗುರವಾಯಿತು. ಹನ್ನೆರಡು ಸುತ್ತಿನ ನಾಲಿಗೆ ಬೀಳುತ್ತಿದ್ದದ್ದು ಇಲ್ಲೇ. ನಾನು ಪೆಟ್ಟಿಗೆಯೊಳಗೆ ಕಣ್ಣು ನೆಟ್ಟು ನಿಂತಿದ್ದೆ. ನಾಲಿಗೆ ಜಿರ್ ಎಂದು ನಡುಗಿತು. ಬೀಳಲಿಲ್ಲ. ಹತ್ತು ನಿಮಿಷ ಹಾಗೇ ಓಡಿಸಿದರು. ಆಮೇಲೆ ಗೇಟು ಪೂರ್ತಿ ತೆಗೆಸಿ ಕಂಬದ ಕಡೆ ಕೈ ಮಾಡಿದರು. ಲೈನ್‌ಮನ್ ಒಂದು ಫ್ಯೂಸು ಕಿತ್ತ.

ಟಕ್.

ಮೋಟರು ನಿಂತಿತು. ಸಾಹೇಬರು ಎರಡನೆಯ ತಂತಿ ಅಂದರು. ಫ್ಯೂಸು ಹಾಕಿ, ಮೋಟರು ಹೊರಡಿಸಿ, ಕಿತ್ತರು. ಟಕ್. ಮೂರನೆಯದೂ ಟಕ್. ತೋಟದ ತುಂಬ ನಿಂತಿದ್ದ ಜನ ಹೋ ಎಂದು ಚಪ್ಪಾಳೆ ಹೊಡೆದರು. ಮೋಟರು ಹೊರಟರೆ ಹಿಗ್ಗುವವರನ್ನು ದಿನಾ ನೋಡಿದ್ದೆ, ನಿಂತದ್ದಕ್ಕೆ ಹಿಗ್ಗಿದ್ದನ್ನು ಅವತ್ತೇ ನೋಡಿದ್ದು.

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿ, “ಸುರುಳಿಗೆ ಎಷ್ಟು ಸುತ್ತು?” ಎಂದು ಕೇಳಿದರು.

“ಈಯಮ್ಮನ್ನ ಕೇಳಿ ಸಾರ್. ಆ ಲೆಕ್ಕ ಇವಳ್ದು” ಎಂದರು ಮೇಸ್ತ್ರಿ.

“ಹದಿಮೂರು ಸಾರ್” ಎಂದೆ. ಸಾಹೇಬರು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಬರೆದುಕೊಂಡು, “ಇದನ್ನು ಯಾರೂ ಕೀಳುವುದಿಲ್ಲ, ಹಾಕಿಕೊಂಡು ಹೋಗಿ” ಎಂದರು.

ಲೈನ್‌ಮನ್ ಫ್ಯೂಸನ್ನು ಮತ್ತೆ ಹಾಕಿ ಬಂದ. ಕಲ್ಲಮ್ಮ ಅಷ್ಟರಲ್ಲಿ ಮೋಟರಿನ ಮೈಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. “ಬೆಚ್ಚಗೈತೆ, ಅಷ್ಟೇಯ” ಎಂದು ನನಗೆ ಹೇಳಿ, ಸಾಹೇಬರಿಗೆ, “ನಿಮ್ ಪರೀಕ್ಷೆ ಮುಗೀತಾ ಸಾಮಿ? ಹಂಗಾರೆ ದಾರಿ ಬಿಡಿ, ಇನ್ನೂ ನಾಕು ಸಾಲು ಸಸಿಗೆ ನೀರಿಲ್ಲ” ಎಂದು ಗುಂಡಿ ಒತ್ತಿಯೇಬಿಟ್ಟಳು. ನೀರು ಕಾಲುವೆಯಲ್ಲಿ ನುಗ್ಗಿ ಬಂತು. ಸಾಹೇಬರು ಪ್ಯಾಂಟು ಎತ್ತಿಕೊಂಡು ಬದುವಿಗೆ ಹಾರಿದರು, ಲೈನ್‌ಮನ್ ಹಾರಿದ, ನಾಗರಾಜ ಹಾರಿದ. ಮೇಸ್ತ್ರಿ ಮಾತ್ರ ಹಾರಲಿಲ್ಲ. ಮೆಟ್ಟು ಬಿಟ್ಟು, ಪಂಚೆ ಮಂಡಿಯವರೆಗೆ ಎತ್ತಿಕೊಂಡು, ಕಾಲುವೆಯ ನಡುವೆಯೇ ನಿಂತು, ನೀರು ಕೊನೆಯ ಸಾಲಿನ ಸಸಿಗೆ ಮುಟ್ಟುವವರೆಗೂ ಅದನ್ನೇ ನೋಡುತ್ತಿದ್ದರು.